ಅಕ್ಕನ ಮೂಗಿನ ಗಾಯ

ಕನ್ನಡಕದಂಗಡಿಯವನು ಅಕ್ಕನ ಕನ್ನಡಕವನ್ನು ಮತ್ತೆ ಬಿಚ್ಚಿದ. ಮೂಗಿನ ಮೇಲೆ ಕೂರುವ ಪುಟ್ಟ ರಬ್ಬರ್ ಬಿಲ್ಲೆಗಳನ್ನು ಬದಲಿಸುತ್ತಿದ್ದುದು ಇದು ಎಷ್ಟನೆಯ ಸಲವೋ. ಆದರೂ ಅವಳ ಮೂಗಿನ ಪಕ್ಕದ ಗಾಯ ಮಾಯುತ್ತಿರಲಿಲ್ಲ. ಹಕ್ಕಳೆ ಕಟ್ಟುವುದು, ಉದುರುವುದು, ಮತ್ತೆ ಒಸರುವುದು. ಊರಿನವರ ಮೂಗಿಗೆಲ್ಲ ಕನ್ನಡಕ ಕೂರಿಸಿದವನಿಗೆ ಸ್ವಂತ ಅಕ್ಕನ ಮೂಗೇ ಒಗ್ಗಲಿಲ್ಲವಲ್ಲ ಎಂದು ಒಳಗೊಳಗೇ ಕಿರಿಕಿರಿ.

ಕೈ ಕೆಲಸದಲ್ಲಿದ್ದರೂ ಕಣ್ಣು ಗಡಿಯಾರದ ಮೇಲಿತ್ತು. ಮಧ್ಯಾಹ್ನವಾದರೆ ಅಕ್ಕನನ್ನು ಮಹಡಿಯ ಬಿಸಿಲಿಗೆ ಹತ್ತಿಸಬೇಕು. ಹಿಂದಿನ ವರ್ಷ ಅವಳು ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಾಗ, ಮೂಳೆ ಡಾಕ್ಟರು ವಿಟಮಿನ್ ಡಿ ಕಡಿಮೆಯಿದೆ ಎಂದು ಮಾತ್ರೆ ಬರೆದುಕೊಟ್ಟು, ಸ್ವಲ್ಪ ಬಿಸಿಲೂ ಬೀಳಲಿ ಎಂದಿದ್ದರು. ಸ್ವಲ್ಪ ಎಂಬ ಮಾತು ಇವನ ಕಿವಿಗೆ ಬೀಳಲೇ ಇಲ್ಲ. ಈಗ ರಕ್ತಪರೀಕ್ಷೆಯಲ್ಲಿ ವಿಟಮಿನ್ ಏರಿತ್ತು. ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿಕೊಂಡು ಹಿಗ್ಗುತ್ತಿದ್ದ.

ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಬೆನ್ನು ಹತ್ತಿದ್ದಳು. ಅವನು ಕೇಳಿದವನಲ್ಲ. ಅಕ್ಕ ಮುಖ ಒರೆಸಿಕೊಂಡ ಟವಲಿನಲ್ಲಿ ರಕ್ತ ಕಂಡ ದಿನ ಮಾತ್ರ ಅಂಗಡಿ ಮುಚ್ಚಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ಗಾಯ ಯಾವಾಗಿನಿಂದ ಇದೆ ಎಂದು ಚರ್ಮದ ಡಾಕ್ಟರಮ್ಮ ಅಕ್ಕನನ್ನು ಕೇಳಿದರು. ಉತ್ತರ ಕೊಟ್ಟವನು ತಮ್ಮ: ಕನ್ನಡಕ ಒತ್ತಿ ಆದದ್ದು, ಬಿಲ್ಲೆ ಬದಲಿಸಿದ್ದೇನೆ, ವಿಟಮಿನ್ ಕೂಡ ಚೆನ್ನಾಗಿದೆ.

"ನಾನು ಅವರನ್ನ ಕೇಳಿದ್ದು," ಎಂದರು ಡಾಕ್ಟರಮ್ಮ.

"ಕನ್ನಡಕ ತೆಗೆದಿಟ್ಟ ದಿನಾನೂ ರಕ್ತ ಬರುತ್ತೆ," ಎಂದಳು ಅಕ್ಕ. "ಮೊದ್ಲು ಬಣ್ಣದ ಕಾರ್ಖಾನೇಲಿ ಬಟ್ಟೆ ಒಣಗಿಸ್ತಿದ್ದೆ. ಅರ್ಧ ಆಯಸ್ಸು ಬಿಸಿಲಲ್ಲೇ ಹೋಯ್ತು."

ಆ ಕೂಲಿಯಲ್ಲೇ ಅವಳು ತಮ್ಮನನ್ನು ಸಾಕಿ, ಕನ್ನಡಕದ ಕೆಲಸ ಕಲಿಯಲು ಕಳಿಸಿದ್ದಳು.

ಪರೀಕ್ಷೆಯಲ್ಲಿ ಚರ್ಮದ ಕ್ಯಾನ್ಸರ್ ಎಂದು ಬಂತು. ನಿಧಾನವಾಗಿ ಬೆಳೆಯುವಂಥದ್ದು, ಕತ್ತರಿಸಿ ತೆಗೆಯಬಹುದು, ಆದರೆ ಇಷ್ಟು ತಡ ಮಾಡಬಾರದಿತ್ತು ಎಂದರು ಡಾಕ್ಟರಮ್ಮ. ವರ್ಷಗಟ್ಟಲೆ ಬಿದ್ದ ಬಿಸಿಲಿನ ಮೇಲೆ ಈಗಿನ ಮಹಡಿಯ ಬಿಸಿಲೂ ಸೇರಿದೆ ಎಂದು ತಮ್ಮನತ್ತ ತಿರುಗಿದರು.

"ವಿಟಮಿನ್ ಏರಿದೆ ಅಂದ್ರೆ ಚರ್ಮ ಚೆನ್ನಾಗಿದೆ ಅಂತಲ್ಲ. ಮೂಳೆಗೆ ಬೇಕಾದ್ದು ಮಾತ್ರೆಯಿಂದಾನೂ ಸಿಗುತ್ತೆ."

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಅವನ ಚಡಪಡಿಕೆ ಮಾತ್ರ ಮುಗಿಯಲಿಲ್ಲ, ದಿಕ್ಕು ಬದಲಿಸಿತು. ಅಕ್ಕನ ಕಿಟಕಿಗೆ ದಪ್ಪ ಪರದೆ ಬಂತು. ಬೆಳಗಿನ ಹೊತ್ತು ಗೇಟಿನವರೆಗೆ ಹೋದರೂ ಮನೆ ಮುಂದಿನ ಅಂಗಡಿಯಿಂದ ಅವನ ಕೂಗು. ಮನೆಯೊಳಗೇ ಕೂತು ಕೂತು ಅಕ್ಕನ ನಡಿಗೆಯೇ ಕುಗ್ಗಿತು.

ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ಅವಳು ತಮ್ಮನ ಎದೆಗೆ ಕೈ ಅಡ್ಡ ಹಿಡಿದಳು.

"ಬಿಸಿಲಿಗೆ ಹೋಗು ಅಂದೆ, ಹೋದೆ. ನಿಂಗೆ ಸಮಾಧಾನ ಆಗ್ಲಿ ಅಂತ. ಈಗ ಕತ್ತಲೇಲಿ ಬಿದ್ದಿರು ಅಂತೀಯ. ಮೈ ನಂದು ಕಣೋ. ಇವತ್ತು ನಾನೇ ಮಾತಾಡ್ತೀನಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ತಪ್ಪಾಯ್ತಕ್ಕ," ಎಂದು ಹೊರಗಿನ ಬೆಂಚಿನ ಮೇಲೆ ಕೂತ.

ಬೆಳಿಗ್ಗೆ ಎಷ್ಟು ಹೊತ್ತಿನವರೆಗೆ ಓಡಾಡಬಹುದು, ಟೋಪಿ ಎಂಥದ್ದಿರಬೇಕು ಎಂದು ಅಕ್ಕ ಒಂದೊಂದಾಗಿ ವಿಚಾರಿಸುವುದು ಬಾಗಿಲಾಚೆಯಿಂದ ಕೇಳಿಸುತ್ತಿತ್ತು. ಶಸ್ತ್ರಚಿಕಿತ್ಸೆಯಾದ ತಿಂಗಳನ್ನು ಅವಳು ತಪ್ಪಾಗಿ ಹೇಳಿದಳು. ಅವನು ದಡಕ್ಕನೆ ಎದ್ದ. ಬಾಗಿಲವರೆಗೂ ಹೋದ. ಬಾಗಿಲ ಹಿಡಿಯ ಮೇಲಿಟ್ಟ ಕೈಯನ್ನು ಹಿಂದೆಗೆದು, ವಾಪಸು ಬಂದು ಕೂತ.