ಅಕ್ಕನ ಗೇಣು

ಮೆಷಿನ್ನಿಗೆ ಗೇಣು ಎಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಮಿಲಿಮೀಟರು ಬೇಕು. ಬತ್ತಲಗುಂಡಿನಲ್ಲಿ, ಕೊಡೈಕೆನಾಲಿನ ಘಾಟಿ ರಸ್ತೆಗೆ ತಿರುಗುವ ಕಡೆ, ತಮಿಳ್‌ಸೆಲ್ವನ್ ಇಟ್ಟುಕೊಂಡಿದ್ದ ಸಿಎನ್‌ಸಿ ಮೆಷಿನ್ನು ದಿನವಿಡೀ ಕಿರ್ರೆನ್ನುತ್ತ ಪ್ಲೈವುಡ್ಡಿನಲ್ಲಿ ದೇವರಮನೆ ಬಾಗಿಲಿನ ಜಾಲರಿ, ಹೋಟೆಲ್ ಬೋರ್ಡಿನ ಅಕ್ಷರ, ಮದುವೆ ಮಂಟಪದ ನವಿಲು ಎಲ್ಲವನ್ನೂ ಕೊರೆಯುತ್ತಿತ್ತು. ಕಂಪ್ಯೂಟರಿನಲ್ಲಿ ಗೆರೆ ಎಳೆದು ಅಂಕಿ ಕೊಟ್ಟರೆ ಸಾಕು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕತ್ತರಿಸಿಕೊಡುತ್ತಿತ್ತು. ಕೊಟ್ಟ ಅಂಕಿ ಸರಿಯೋ ತಪ್ಪೋ ಎಂದು ಕೇಳುವ ಜಾಯಮಾನ ಅದರದ್ದಲ್ಲ.

ಹೆಸರೇನೋ ತಮಿಳ್‌ಸೆಲ್ವನ್, ಮನೆಯೊಳಗೆ ಕಾಲಿಟ್ಟರೆ ಮಾತು ಕನ್ನಡ. ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರಿನ ಹಿಂದೆ ಬಂದು ಬೇರೂರಿದ ಜನ ಅವರು. ಅವರ ಕನ್ನಡವನ್ನು ಮೈಸೂರಿನವರು ಕೇಳಿದರೆ ಇದು ತಮಿಳು ಎನ್ನುತ್ತಾರೆ, ಮದುರೆಯವರು ಕೇಳಿದರೆ ತೆಲುಗೇ ಎಂದು ವಿಚಾರಿಸುತ್ತಾರೆ. ಅವರು ಯಾರಿಗೂ ಬೇಸರ ಮಾಡದೆ ಹೂಂ ಅಂದುಬಿಡುತ್ತಾರೆ.

ಹೊಲ, ಮನೆ, ಉಡುಗೆ ಎಲ್ಲ ಬದಲಾದರೂ ಸೆಲ್ವನ ಮನೆತನದಲ್ಲಿ ಮದುವೆಯ ಮಣೆಯ ಶಾಸ್ತ್ರ ಬದಲಾಗಿರಲಿಲ್ಲ. ಮದುಮಗಳು ಕೂರುವ ಮಣೆಯನ್ನು ಸೋದರಮಾವನೇ ಮಾಡಿಸಿ ತರಬೇಕು. ಅದರಲ್ಲಿ ಕಬ್ಬಿಣದ ಒಂದು ಮೊಳೆಯೂ ಇರಬಾರದು. ಅಳತೆ ಮಾತ್ರ ಹೆತ್ತವಳದು: ಅವಳ ಬಲಗೈಯಲ್ಲಿ ಎರಡು ಗೇಣು ಉದ್ದ, ಒಂದೂವರೆ ಗೇಣು ಅಗಲ, ಒಂದು ಗೇಣು ಎತ್ತರ. ನಾಡು ಬಿಟ್ಟು ಬರುವಾಗ ಹಿರಿಯರು ಅಳತೆಕೋಲು ತರಲಿಲ್ಲ, ಹೆಂಗಸರ ಕೈಯಲ್ಲೇ ಎಲ್ಲ ಅಳತೆಯೂ ಬಂತು ಎಂದು ಮನೆಯಲ್ಲಿ ಹೇಳುತ್ತಿದ್ದರು. ನಿಜವೋ ಸುಳ್ಳೋ, ಮಗಳು ಹೊಸ ಮನೆಗೆ ಹೋಗುವ ಮುನ್ನ ಕಡೆಯ ಸಲ ತಾಯಿಯ ಅಂಗೈ ಮೇಲೆ ಕೂತು ಹೋಗುತ್ತಾಳೆ ಎಂಬುದು ಅದರ ಅರ್ಥ.

ಕಾರ್ತಿಗೈ ತಿಂಗಳಲ್ಲಿ ಅಕ್ಕನ ಮಗಳು ಸರಣ್ಯಾ ಫೋನ್ ಮಾಡಿದಳು. ಎರಡು ತಿಂಗಳಾಚೆ, ತೈ ತಿಂಗಳಿಗೆ ಅವಳ ಮದುವೆ ಗೊತ್ತಾಗಿತ್ತು. ಈ ಕಾಲದ ಹುಡುಗಿ, ಮನೆಯ ಮಾತು ಅರ್ಥವಾದರೂ ಆಡುವಾಗ ತಮಿಳೇ ಬಾಯಿಗೆ ಬರುತ್ತಿತ್ತು. ತಾಯಿ ಹೇಳಿಕೊಟ್ಟಿದ್ದನ್ನು ಹೇಗೋ ಒಪ್ಪಿಸಿದಳು.

“ಮಾಮಾ, ಅವ್ವ ಹೇಳ್ತು... ಮಣೆ ಅಳತೆ ತಗೊಂಡೋಗ್ಬೇಕಂತೆ. ನೀನೇ ವರಣುಮಾಮ್... ಬರ್ಬೇಕಂತೆ.”

ಅಕ್ಕ ಮುತ್ತುಮಾರಿಗೆ ನಾಲ್ಕು ತಿಂಗಳ ಹಿಂದೆ, ಆಡಿಯಲ್ಲಿ ಪಾರ್ಶ್ವವಾಯು ಬಡಿದು ಬಲಗಡೆ ಬಿದ್ದುಹೋಗಿತ್ತು. ಮಾತು ತೊದಲುತ್ತ ವಾಪಸು ಬಂದಿತ್ತು, ಕೈ ಬಂದಿರಲಿಲ್ಲ.

ಅಂಥಿಂಥ ಕೈಯಲ್ಲ ಅದು. ಅವರಿಬ್ಬರ ಅವ್ವ ತೀರಿಕೊಂಡಾಗ ಸೆಲ್ವ ಇನ್ನೂ ಹಾಲು ಬಿಡದ ಕೂಸು. ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಕದ್ದು ಬೀಡಿ ಸೇದಿದಾಗ ಕೆನ್ನೆ ಊದುವಂತೆ ಬಾರಿಸಿದ್ದು ಎಲ್ಲ ಆ ಕೈಯೇ. ಪೊಂಗಲ್ ಬಂತೆಂದರೆ ಅವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಬೆನ್ನ ಮೇಲೆ ಗೇಣು ಹಾಕಿ ಅಳೆದು ಅಂಗಿಯ ಬಟ್ಟೆ ತರುತ್ತಿದ್ದಳು. ಅವನು ಮೀಸೆ ಬಂದ ಗಂಡಸಾದಾಗ ಅಂಗೈಗೆ ಅಂಗೈ ತಾಗಿಸಿ ನೋಡಿದ್ದರು. ಬೆರಳಿಗೆ ಬೆರಳು ಸರಿಸಮ. “ನಿನ್ನ ಕೈ ನಾನು ಬೆಳ್ಸಿದ್ದು, ಅದುಕ್ಕೇ ನಂದರಂಗೇ ಐತೆ” ಎಂದು ಅವಳು ಜಂಬ ಪಟ್ಟಿದ್ದಳು.

ಸೆಲ್ವ ಹೋದಾಗ ಹನುಮಂತನಪಟ್ಟಿಯ ಅಕ್ಕನ ಮನೆಯ ಮುಂದೆ ದ್ರಾಕ್ಷಿ ಚಪ್ಪರದ ನೆರಳಲ್ಲಿ ಮಂಚ ಹಾಕಿ ಅವಳನ್ನು ಕೂರಿಸಿದ್ದರು. ಬಲಗೈ ಮಡಿಲಲ್ಲಿ ಮುಷ್ಟಿಗಟ್ಟಿ ಬಿದ್ದಿತ್ತು.

“ಬಂದ್ಯಾ ತಂಬಿ? ಉಂಡ್ಯಾ?”

“ಉಂಡೆ ಅಕ್ಕಾ.”

“ಪೊಯ್ ಹೇಳಬ್ಯಾಡ. ಮಕ ನೋಡಿದ್ರೆ ತಿಳೀತದೆ.”

ಬಾವ ಮಾಯಾಂಡಿ ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲೇ ಕೂತಿದ್ದ. ಒರಟ ಎಂದು ಊರಲ್ಲಿ ಹೆಸರಾದವನು. ಈಗ ದಿನಾ ಬೆಳಿಗ್ಗೆ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ನೀವಿ, “ಇವತ್ತು ಇನ್ನೊಂಚೂರು ಬಿಚ್ಕೊಂತು” ಎನ್ನುತ್ತಿದ್ದ. ಸರಣ್ಯಾ ಹೌದವ್ವಾ ಎನ್ನುತ್ತಿದ್ದಳು. ನೋಡಲು ಬಂದವರೂ ಹೌದು ಹೌದು ಎನ್ನುತ್ತಿದ್ದರು. ಆ ಕೈಯಲ್ಲಿ ಸ್ಪರ್ಶವೇ ಇರಲಿಲ್ಲವಾಗಿ ಮುತ್ತುಮಾರಿ ಕೈ ನೋಡುವುದನ್ನು ಬಿಟ್ಟು ಸುತ್ತಲಿನವರ ಮುಖ ನೋಡುತ್ತಿದ್ದಳು. ಮುಖಗಳೆಲ್ಲ ನಗುತ್ತಿದ್ದುದರಿಂದ ತೈ ತಿಂಗಳಿಗೆ ತಾನೇ ಮಗಳಿಗೆ ಜಡೆ ಹೆಣೆಯುತ್ತೇನೆ ಎಂದು ಗಟ್ಟಿಯಾಗಿ ನಂಬಿದ್ದಳು.

“ಎಡಗೈಲಿ ಅಳೀಲಾ ಅಕ್ಕಾ?” ಸೆಲ್ವ ಮೆಲ್ಲಗೆ ಕೇಳಿದ.

“ಥೂ. ಎಡಗೈಲಿ ಮಗಳ್ನ ಕೂರ್ಸ್ತಾರಾ? ಇದುನ್ನೇ ಬಿಚ್ಚು.”

ಅವನು ರಟ್ಟಿನ ತುಂಡನ್ನು ಮಂಚದ ಮೇಲಿಟ್ಟು, ಅಕ್ಕನ ಮುಷ್ಟಿಯನ್ನು ಅದರ ಮೇಲೆ ತಂದ. ಹೆಬ್ಬೆರಳನ್ನು ಒಂದು ಕೈಯಲ್ಲಿ, ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಳೆದ. ಒಣಗಿದ ಬಳ್ಳಿಯ ಹಾಗೆ ಅವು ಸ್ವಲ್ಪ ಬಂದು ನಿಂತುಬಿಟ್ಟವು. ಇನ್ನೂ ಎಳೆದರೆ ಮುರಿದೇ ಹೋದಾವು ಎಂದು ಭಯವಾಯಿತು. ಮಾಯಾಂಡಿ ಮುಖ ತಿರುಗಿಸಿಕೊಂಡ. ಅಕ್ಕ ಮಾತ್ರ ತಮ್ಮನ ಮುಖವನ್ನೇ ನೋಡುತ್ತಿದ್ದಳು.

“ಬಿಚ್ತಾ?”

“ಬಿಚ್ತು ಅಕ್ಕಾ. ಪೂರ್ತಿ ಬಿಚ್ತು” ಎಂದು ಅವನೂ ನಕ್ಕ. ಪೆನ್ಸಿಲಿನಿಂದ ಎರಡು ಕಡೆ ಗುರುತು ಹಾಕಿದ. ಬಸ್ಸಿನಲ್ಲಿ ತೇನಿ ದಾಟುವವರೆಗೂ ಆ ರಟ್ಟನ್ನು ತಿರುಗಿಸಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಅಂಗಡಿಯಲ್ಲಿ ಸ್ಕೇಲು ಇಟ್ಟು ನೋಡಿದ. ನೂರಮೂವತ್ತು ಮಿಲಿಮೀಟರು. ಆ ಲೆಕ್ಕದಲ್ಲಿ ಮಣೆಯ ಚಿತ್ರ ಬರೆದ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವೂ ಒಂದೇ ತರ ಕಾಣುವುದರಿಂದ ನಂಬಿಕೆ ಬರದೆ, ಅದೇ ಅಳತೆಗೆ ಕಾಗದ ಕತ್ತರಿಸಿ ನೆಲದ ಮೇಲೆ ಹಾಸಿದ. ಬಾಲವಾಡಿಯ ಮಕ್ಕಳು ಕೂರುವಷ್ಟಿತ್ತು. ಪಟ್ಟೆ ಸೀರೆ ಉಟ್ಟ ಮದುಮಗಳು ಇದರ ಮೇಲೆ ಕೂತರೆ ಮಂಟಪದಲ್ಲಿ ಜನ ನಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಕ್ಕ ಇದನ್ನು ನೋಡುತ್ತಾಳೆ.

ಆಮೇಲೆ ತನ್ನ ಬಲಗೈಯನ್ನು ಸ್ಕೇಲಿನ ಮೇಲೆ ಚಾಚಿದ. ಇನ್ನೂರ ಇಪ್ಪತ್ತು. ಅಕ್ಕನ ಹಳೇ ಕೈ ಇಷ್ಟೇ ಇತ್ತು ತಾನೆ? ಇದು ಮೋಸ ಹೇಗಾದೀತು? ಅವಳ ಗೇಣನ್ನೇ ಅವಳಿಗೆ ವಾಪಸು ಕೊಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡು ಅಂಕಿ ತಿದ್ದಿದ.

ಒಳ್ಳೆಯ ಪ್ಲೈವುಡ್ಡನ್ನೇ ಆರಿಸಿದ. ಹದಿನೆಂಟು ಮಿಲಿಮೀಟರಿನದು ಎಂದು ಮಾರುವ ಹಲಗೆ ನಿಜದಲ್ಲಿ ಅಷ್ಟು ದಪ್ಪ ಇರುವುದಿಲ್ಲ, ಹಾಗಾಗಿ ನಾಲ್ಕೂ ಮೂಲೆ ಅಳೆದು, ಅದಕ್ಕೆ ತಕ್ಕಂತೆ ಕಾಲು ಸೇರುವ ಸೀಳುಗಳ ಅಗಲ ಕೊಟ್ಟ. ಮೆಷಿನ್ನಿನ ಕೊರೆಯುವ ಅಲಗು, ಅಂದರೆ ಬಿಟ್ಟು, ದುಂಡಗಿರುವುದರಿಂದ ಒಳಮೂಲೆಗಳು ಚೌಕಾಗಿ ಬರುವುದಿಲ್ಲ. ಕಾಲು ಪೂರ್ತಿ ಇಳಿಯಲೆಂದು ಪ್ರತಿ ಮೂಲೆಯನ್ನೂ ಒಂಚೂರು ಹೆಚ್ಚು ಕೊರೆಸಿದ. ಮೆಷಿನ್ನು ಓಡಿತು. ಕಾಲುಗಳು, ಅಡ್ಡಪಟ್ಟಿ, ಮೇಲಿನ ಹಲಗೆ ಒಂದೊಂದೇ ಬಿಡಿಸಿಕೊಂಡು ಬಂದವು. ಅಂಚಿಗೆ ಮರಳುಕಾಗದ ಹಾಕಿ ಉಜ್ಜಿ, ಒಂದರೊಳಗೊಂದು ಕೂರಿಸಿ ಮರದ ಸುತ್ತಿಗೆಯಿಂದ ತಟ್ಟಿದ. ಮೊಳೆ ಇಲ್ಲ, ಅಂಟೂ ಇಲ್ಲ. ಮೇಲೆ ಹತ್ತಿ ನಿಂತರೂ ಕಿರುಕ್ ಎನ್ನಲಿಲ್ಲ. ಇಷ್ಟು ಚೆಂದದ ಮಣೆ ತನ್ನ ಮನೆತನದಲ್ಲಿ ಯಾವ ಮಾವನೂ ತಂದಿರಲಿಕ್ಕಿಲ್ಲ ಎಂದು ಅವನಿಗೆ ಹೆಮ್ಮೆಯೇ ಆಯಿತು.

ಮುಂದಿನ ಭಾನುವಾರ ಅದನ್ನು ಚಪ್ಪರದ ಕೆಳಗೆ ಇಟ್ಟಾಗ ಸರಣ್ಯಾ ಕೈ ತಟ್ಟಿದಳು. ಮಾಯಾಂಡಿ ಅಡಿ ಮೇಲು ಮಾಡಿ ನೋಡಿ, “ಭಲೇ ಮಾಪ್ಳೆ” ಎಂದ. ಮುತ್ತುಮಾರಿ ಹತ್ತಿರ ತರುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು.

ತಂದರು. ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಮಣೆಯ ಅಂಚಿನ ಮೇಲಿಟ್ಟಳು. ಹೆಬ್ಬೆರಳನ್ನು ತುದಿಗೆ ಒತ್ತಿ, ಉಳಿದ ಬೆರಳುಗಳನ್ನು ಎಡಗೈಯಿಂದಲೇ ಎಳೆದು ಬಿಚ್ಚಿದಳು. ಸೆಲ್ವನಿಗೆ ಆಗ ಹೊಳೆಯಿತು. ಶಾಸ್ತ್ರದಲ್ಲಿ ಇನ್ನೊಂದು ಭಾಗವಿತ್ತು: ಮಣೆ ಬಂದ ಮೇಲೆ ಹೆತ್ತವಳು ಮತ್ತೊಮ್ಮೆ ಅಳೆದು ಒಪ್ಪಿಕೊಳ್ಳಬೇಕು. ಅಂಕಿಯ ಗಲಾಟೆಯಲ್ಲಿ ಅದು ಅವನಿಗೆ ಮರೆತೇ ಹೋಗಿತ್ತು.

ಒಂದು ಗೇಣು. ಕೈ ಎತ್ತಿ ಮುಂದಿಟ್ಟಳು. ಎರಡು ಗೇಣು. ಮಣೆ ಇನ್ನೂ ಉಳಿದಿತ್ತು. ಅವಳು ಉಳಿದ ಜಾಗ ನೋಡಿದಳು. ಆಮೇಲೆ, ಎಷ್ಟೋ ತಿಂಗಳ ನಂತರ ಮೊದಲ ಸಲ, ತನ್ನ ಕೈಯನ್ನೇ ನೋಡಿಕೊಂಡಳು.

“ಇದು ಯಾರ ಗೇಣು ತಂಬಿ?”

ಸೆಲ್ವ ಬಗ್ಗಿ ಮಣೆಯ ಕಾಲಿನ ಧೂಳು ಒರೆಸತೊಡಗಿದ.

“ಕೇಳ್ತಿದೀನಲ್ಲ, ಯಾರದು?”

“ನಂದು ಅಕ್ಕಾ. ನಿಂದೂ ಇಷ್ಟೇ ಇತ್ತಲ್ಲ...”

“ಇತ್ತು” ಎಂದಳು. ಗಂಡನ ಕಡೆ, ಮಗಳ ಕಡೆ ಒಂದೊಂದು ಸಲ ನೋಡಿದಳು. ಇಬ್ಬರೂ ತಲೆ ತಗ್ಗಿಸಿದರು. “ಬಿಚ್ಕೊಂತು ಬಿಚ್ಕೊಂತು ಅಂದ್ರಲ್ಲ ಎಲ್ಲಾ. ಇಷ್ಟೊಂದ್ ಹೋಗ್ಬುಡ್ತಾ ನನ್ ಕೈ?”

ಅವಳು ಜೋರಾಗಿ ಅಳಲಿಲ್ಲ. ಕಣ್ಣೀರು ಒಂದೇ ಕಡೆಯಿಂದ ಇಳಿಯಿತು. ಸೆಲ್ವ ಅವಳ ಕಾಲ ಬಳಿ ಕುಕ್ಕರಿಸಿ, “ತಪ್ಪಾಯ್ತು ಅಕ್ಕಾ, ನೀನು ನೊಂದ್ಕೋತೀಯಂತ...” ಎಂದ.

ಅವಳು ಎಡಗೈಯಿಂದ ಅವನ ತಲೆ ಸವರಿದಳು. “ನಂದು ಎಷ್ಟೈತೋ ಅಷ್ಟರಲ್ಲೇ ಮಾಡ್ಕೊಂಡು ಬಾ. ಸಣ್ದಾದ್ರೆ ಸಣ್ದು. ನನ್ ಮಗ್ಳು ನನ್ ಕೈ ಮ್ಯಾಲೆ ಕೂರ್ಲಿ.”

ಹೂಂ ಎಂದು ಬಂದವನು ಮಾಡಲಿಲ್ಲ. ಮಾಡಲಾಗಲಿಲ್ಲ. ಹೋಟೆಲ್ಲಿನ ಬೋರ್ಡು ಅರ್ಜೆಂಟು ಎಂದ, ಬಿಟ್ಟು ಮುರಿದಿದೆ ಎಂದ, ಒಳ್ಳೆ ಹಲಗೆ ಬಂದಿಲ್ಲ ಎಂದ. ಸರಣ್ಯಾ ಫೋನ್ ಮಾಡಿದಾಗಲೆಲ್ಲ ಒಂದೊಂದು ಸಬೂಬು. ಆ ಪುಟ್ಟ ಮಣೆಯನ್ನು ಅಕ್ಕನ ಮುಂದೆ ಇಡುವ ಗಳಿಗೆಯನ್ನು ನೆನೆದೊಡನೆ ಬೇರೆ ಯಾರದೋ ಹಲಗೆ ಎತ್ತಿ ಮೆಷಿನ್ನಿಗೆ ಹಾಕಿಬಿಡುತ್ತಿದ್ದ. ಮದುವೆಗೆ ಇನ್ನೊಂದು ತಿಂಗಳಿರುವಾಗ, ಮಾರ್ಗಳಿಯ ಒಂದು ಬೆಳಿಗ್ಗೆ ಮತ್ತೆ ಫೋನ್ ಬಂತು. ಈ ಸಲ ಮಾಯಾಂಡಿಯದು. “ಬಾ ಮಾಪ್ಳೆ” ಎಂದಷ್ಟೇ ಹೇಳಿ ಅವನು ಗೊಳೋ ಎಂದು ಅತ್ತುಬಿಟ್ಟ. ಎರಡನೇ ಸಲ ಬಡಿದ ವಾಯು ಮುತ್ತುಮಾರಿಯನ್ನು ಉಳಿಸಿರಲಿಲ್ಲ.

ಮಣ್ಣು ಮಾಡಿ ಬಂದ ಸೆಲ್ವ ಅಂಗಡಿಯ ಬಾಗಿಲು ತೆಗೆದು, ರಟ್ಟಿನ ಗುರುತು ಎದುರಿಗಿಟ್ಟುಕೊಂಡು ಅಕ್ಕ ಕೇಳಿದ್ದನ್ನು ಮಾಡಿದ. ದೊಡ್ಡ ಮಣೆಗೆ ಓಡಿದಷ್ಟು ಹೊತ್ತು ಮೆಷಿನ್ನು ಓಡಲಿಲ್ಲ, ಬೇಗ ಮುಗಿಯಿತು. ಅದರ ಪಕ್ಕ ಗೋಡೆಗೊರಗಿ ಕೂತು ಗಂಡಸೆಂಬುದನ್ನೂ ಮರೆತು ಅತ್ತ. ಬದುಕಿದ್ದಾಗ ಕೇಳಿದ್ದು ಇದೊಂದೇ, ಅದನ್ನೂ ಅವಳ ಕಣ್ಣೆದುರು ಇಡಲಿಲ್ಲವಲ್ಲ ಎಂಬ ಸಂಕಟ ಯಾವ ಸಮಾಧಾನಕ್ಕೂ ಬಗ್ಗಲಿಲ್ಲ.

ತೈ ತಿಂಗಳ ಮದುವೆ ನಾಲ್ಕು ತಿಂಗಳು ಮುಂದಕ್ಕೆ, ವೈಕಾಸಿಗೆ ಹೋಯಿತು. ಸೂತಕದ ವರ್ಷ ತುಂಬುವುದರೊಳಗೆ ಮಗಳ ಕೈ ಹಿಡಿದುಕೊಟ್ಟರೆ ಸತ್ತವಳಿಗೆ ನೆಮ್ಮದಿ ಎಂದು ಹಿರಿಯರು ಹೇಳಿದರು. ಸೆಲ್ವ ದೊಡ್ಡ ಮಣೆಗೆ ಅರಿಸಿನ ಬಳಿದು ಮಂಟಪದಲ್ಲಿ ಇಟ್ಟ. ಸಣ್ಣದನ್ನು ಬಟ್ಟೆಯ ಚೀಲದಲ್ಲಿ ಹಾಕಿ ತಂದಿದ್ದ. ಯಾಕೆ ತಂದೆ ಎಂದು ಯಾರಾದರೂ ಕೇಳಿದ್ದರೆ ಅವನಿಗೂ ತಿಳಿದಿರಲಿಲ್ಲ.

ಮುಹೂರ್ತಕ್ಕೆ ಅವನು ಸೋದರಸೊಸೆಯ ಕೈ ಹಿಡಿದು ಕರೆತಂದ. ಸರಣ್ಯಾ ಮಣೆಯ ಮುಂದೆ ನಿಂತಳು, ಕೂರಲಿಲ್ಲ.

“ಅವ್ವಂದು ಎಲ್ಲಿ ಮಾಮಾ?”

ತಮಿಳಿನಲ್ಲಿ ಕೇಳಲಿಲ್ಲ. ಅವ್ವ ಆಡುತ್ತಿದ್ದ ಮಾತಿನಲ್ಲೇ ಕೇಳಿದಳು.

“ಪಾಪ್ಪಾ, ಅದ್ರಲ್ಲಿ ಕೂರಾಕಾಗಾಕಿಲ್ಲ. ರೊಂಬ ಸಣ್ದು.”

“ಆಗ್ಲಿ. ಅದುನ್ನೇ ಇಡು.”

ಚೀಲದಿಂದ ತೆಗೆದಿಟ್ಟ. ಜನ ಗುಜುಗುಜು ಅಂದರು. ಯಾರೋ ನಕ್ಕರು, ಮಾಯಾಂಡಿಯ ಕಣ್ಣು ನೋಡಿ ಸುಮ್ಮನಾದರು. ಸರಣ್ಯಾ ಸೀರೆ ಒತ್ತರಿಸಿಕೊಂಡು, ಮೊಣಕಾಲು ಎದೆಗೆ ಬರುವ ಹಾಗೆ ಅದರ ಮೇಲೆ ಕೂತಳು. ಅರ್ಧ ಮೈ ಹೊರಗೇ ಉಳಿದು ಹಿಂದಕ್ಕೆ ವಾಲಿದಳು. ಬೀಳುವಷ್ಟರಲ್ಲಿ ಸೆಲ್ವ ಹಿಂದೆ ಮಂಡಿಯೂರಿ, ಬಲಗೈಯನ್ನು ಅಗಲವಾಗಿ ಬಿಚ್ಚಿ ಅವಳ ಬೆನ್ನಿಗೆ ಆನಿಸಿದ.

ನಾದಸ್ವರ ಏರಿತು. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು, ಅಕ್ಕಿಕಾಳು ಸೆಲ್ವನ ಕತ್ತಿನೊಳಗೂ ಇಳಿಯಿತು. ತೋಳು ಮರಗಟ್ಟಿ ಹೋದರೂ ಅವನು ಕದಲಲಿಲ್ಲ. ಎಲ್ಲ ಮುಗಿದು ಜನ ಊಟದ ಕಡೆ ಹೊರಟಾಗ ಸರಣ್ಯಾ ತಿರುಗಿ ನೋಡಿದಳು.

“ಸಾಕು ಮಾಮಾ. ಕೈ ನೋಯ್ತದೆ, ಬುಡು.”

“ಇರ್ಲಿ ಪಾಪ್ಪಾ” ಎಂದ ಅವನು. “ಇನ್ನೊಂದ್ ಚಣ ಕೂತಿರು.”