ಸ್ಟ್ಯಾನಿಸ್ಲಾಸರೂ ಡಾಕ್ಟರರ ಸನ್‌ಬೀಮ್ ಕಾರೂ

ಸ್ಟ್ಯಾನಿಸ್ಲಾಸರ ಎದುರು ನಿಂತು ಮೊದಲ ಸಲ ಮಾತನಾಡಿದವರಿಗೆ ಸಣ್ಣದೊಂದು ಅವಮಾನವಾದಂತೆ ಅನಿಸುತ್ತಿತ್ತು. ನಾವು ಬಾಯಿ ತೆರೆದ ಕೂಡಲೇ ಅವರು ಮುಖವನ್ನು ಆಚೆ ತಿರುಗಿಸಿ, ಕಣ್ಣು ಮುಚ್ಚಿ, ಬಲಗಿವಿಯನ್ನು ಮಾತ್ರ ನಮ್ಮ ಎದೆಯ ಎತ್ತರಕ್ಕೆ ತಗ್ಗಿಸಿ ನಿಲ್ಲುತ್ತಿದ್ದರು. ಮಾತು ಮುಗಿದ ಮೇಲೂ ಅರೆಗಳಿಗೆ ಹಾಗೆಯೇ ನಿಂತು, ಒಳಗೆ ಇನ್ನೇನಾದರೂ ಸಡಿಲವಾಗಿ ಬಡಿಯುತ್ತಿದೆಯೋ ಎಂದು ಪರೀಕ್ಷಿಸಿ, ಆಮೇಲೆ ಕಣ್ಣು ಬಿಡುತ್ತಿದ್ದರು. ಮನುಷ್ಯರನ್ನೂ ಎಂಜಿನುಗಳನ್ನೂ ಅವರು ಆಲಿಸುವ ಕ್ರಮ ಒಂದೇ ಆಗಿತ್ತು. ಇದಕ್ಕೆ ತಾನೊಬ್ಬಳು ಅಪವಾದವೆಂದು ಅವರ ಹೆಂಡತಿ ಸೆಲೀನ್ ಬಾಯಮ್ಮ ಹೇಳಿಕೊಳ್ಳುತ್ತಿದ್ದರು. ತನ್ನ ಶಬ್ದದಲ್ಲಿ ಯಾವ ದೋಷವೂ ಇಲ್ಲವಾದ್ದರಿಂದ ಗಂಡ ಅದನ್ನು ಕೇಳಿಸಿಕೊಳ್ಳುವುದಿಲ್ಲವೆಂಬುದು ಅವರ ಸಿದ್ಧಾಂತ.

ನಾನು ಉದ್ಯಾವರದ ಹೈಸ್ಕೂಲಿಗೆ ಮಾಸ್ತರನಾಗಿ ಬಂದದ್ದು ಎಪ್ಪತ್ತಾರರ ಜೂನ್ ತಿಂಗಳಲ್ಲಿ. ಹೆದ್ದಾರಿಯ ಪಕ್ಕದಲ್ಲಿದ್ದ ಅವರ ಮನೆಯ ಹಿಂಭಾಗದ ಕೋಣೆ ಬಾಡಿಗೆಗೆ ಸಿಕ್ಕಿತು. ಮುಂದುಗಡೆ ಹಂಚಿನ ಮಾಡಿನ ಶೆಡ್ಡು, ಅದೇ ಗ್ಯಾರೇಜು, ಬೋರ್ಡು ಇರಲಿಲ್ಲ. ಗಿಡ್ಡ ಆಳು, ಖಾಕಿ ಅರ್ಧ ಚಡ್ಡಿ, ಹೊಂಡದ ಮೇಲಿಟ್ಟ ಹಲಗೆಯ ಮೇಲೆ ನಡೆಯುವವರಂತೆ ಸಣ್ಣ ಸಣ್ಣ ಹೆಜ್ಜೆ. ಭಾನುವಾರ ಇಗರ್ಜಿಗೆ ಹೋಗುವಾಗ ಮಾತ್ರ ಕರ್ಪೂರದ ಗುಳಿಗೆಯ ವಾಸನೆಯ ಕಪ್ಪು ಕೋಟು ಹಾಕುತ್ತಿದ್ದರು. ಅದರ ಎಡಗಿಸೆಯಲ್ಲಿ ಜಪಸರದ ಜೊತೆಗೆ ಒಂದೂವರೆ ಮೊಳದ ರಬ್ಬರು ನಳಿಕೆ ಸುತ್ತಿ ಇಟ್ಟಿರುತ್ತಿತ್ತು. ನಾನು ಬಂದ ವಾರವೇ ಒಂದು ಸಂಜೆ, ಚಹಾದ ಗ್ಲಾಸು ಕೈಯಲ್ಲಿ ಹಿಡಿದುಕೊಂಡವರು ಥಟ್ಟನೆ ಕಟಪಾಡಿಯ ಕಡೆಗೆ ಕಿವಿಯೊಡ್ಡಿದರು. ರಸ್ತೆಯಲ್ಲಿ ನನಗೆ ಏನೂ ಕಾಣಿಸಲಿಲ್ಲ, ಕೇಳಿಸಲೂ ಇಲ್ಲ. ಬರುತ್ತಿರುವುದು ಇಂಥ ಬಸ್ಸು, ಅದರ ಮೂರನೆಯ ಸಿಲಿಂಡರು ಕೆಲಸ ಮಾಡುತ್ತಿಲ್ಲ, ನಾಳೆ ಹನ್ನೊಂದರೊಳಗೆ ಅದು ಇಲ್ಲಿಗೆ ಬರುತ್ತದೆ ಎಂದರು. ಮರುದಿನ ನಾನು ಶಾಲೆಯಿಂದ ಊಟಕ್ಕೆ ಬಂದಾಗ ಆ ಬಸ್ಸು ಬಾನೆಟ್ಟು ತೆರೆದುಕೊಂಡು ಶೆಡ್ಡಿನ ಎದುರು ನಿಂತಿತ್ತು.

ಬಸ್ಸು ಲಾರಿಗಳು ಹೊಟ್ಟೆಗೆ. ಅವರ ಜೀವ ಇದ್ದದ್ದು ಶೆಡ್ಡಿನ ಹಿಂದಿನ ಮೂಲೆಯಲ್ಲಿ, ಟಾರ್ಪಾಲಿನ ಅಡಿಯಲ್ಲಿ. ಅದು ಎರಡು ಬಾಗಿಲಿನ, ಎರಡು ಕಾರ್ಬೊರೇಟರಿನ, ಐವತ್ತೇಳನೆಯ ಇಸವಿಯ ಸನ್‌ಬೀಮ್ ರೇಪಿಯರ್. ಕಾರ್ಕಳದ ಒಬ್ಬ ಡಾಕ್ಟರರು ಅದನ್ನು ಮಂಗಳೂರು ಬಿಟ್ಟುಹೋಗುತ್ತಿದ್ದ ಇಂಗ್ಲಿಷಿನವನೊಬ್ಬನಿಂದ ಕೊಂಡಿದ್ದರು. ಅವರಿಗೆ ವೇಗದ ಹುಚ್ಚು. ಒಮ್ಮೆ ಮದರಾಸಿನ ಹತ್ತಿರದ ರೇಸಿಗೂ ಹೋಗಿದ್ದರು. ಆಗ ಮೆಕ್ಯಾನಿಕ್ಕಾಗಿ ಜೊತೆಗೆ ಹೋದವರು ಸ್ಟ್ಯಾನಿಸ್ಲಾಸ್. ಮೂರನೆಯ ಸ್ಥಾನ ಬಂತು. ಡಾಕ್ಟರರು ಸಂತೋಷದಿಂದ ತಮ್ಮ ಕಪ್ಪು ಕೋಟನ್ನು ಕಳಚಿ ಇವರಿಗೆ ಹೊದಿಸಿದರಂತೆ. ಆದರೆ ಆ ಮೂರನೆಯ ಸ್ಥಾನವನ್ನು ಸ್ಟ್ಯಾನಿಸ್ಲಾಸ್ ಇಪ್ಪತ್ತು ವರ್ಷ ತಮ್ಮ ಅಪರಾಧದಂತೆ ಹೊತ್ತುಕೊಂಡರು. ಓಡಿಸಿದವರ ತಪ್ಪು ಏನೂ ಇರಲಿಲ್ಲ, ಎಂಜಿನಿಗೆ ಉಸಿರು ಸಾಲಲಿಲ್ಲ, ಅದು ತನಗೆ ಮೊದಲೇ ತಿಳಿಯಬೇಕಿತ್ತು ಎನ್ನುತ್ತಿದ್ದರು.

ಅರವತ್ತೆಂಟರಲ್ಲಿ ಡಾಕ್ಟರರು ತೀರಿಕೊಂಡರು. ಕಾರು ಕುಕ್ಕುಂದೂರಿನ ಅವರ ಮನೆಯ ಕೊಟ್ಟಿಗೆಯಲ್ಲಿ ಆರು ವರ್ಷ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಹೇಂಟೆಗಳು ಮೊಟ್ಟೆಯಿಡುತ್ತಿದ್ದವು. ಡಾಕ್ಟರರ ಹೆಂಡತಿ ರತ್ನಾವತಿ ಅಮ್ಮ ಅದನ್ನು ಗುಜರಿಯವರಿಗೆ ಕೊಡಲಿಲ್ಲ, ಸ್ಟ್ಯಾನಿಸ್ಲಾಸರನ್ನು ಕರೆಸಿ ಕೊಟ್ಟರು. ಬದಲಿಗೆ ಅವರು ಬೇಡಿದ್ದು ಒಂದೇ. ಡಾಕ್ಟರರು ಮನೆಗೆ ಬರುವಾಗ ಕೆಳಗಿನ ತಿರುವಿನಲ್ಲಿ ಆ ಕಾರಿನ ಶಬ್ದ ಕೇಳಿದ ಕೂಡಲೇ ಅಮ್ಮ ಎದ್ದು ಕಾಫಿಗೆ ನೀರಿಡುತ್ತಿದ್ದರಂತೆ. ಕಾರು ಅಂಗಳಕ್ಕೆ ಬಂದು ನಿಲ್ಲುವಾಗ ನೀರು ಕುದಿಯುತ್ತಿತ್ತಂತೆ. "ರಿಪೇರಿ ಆದ ಮೇಲೆ ಒಮ್ಮೆ ಆ ತಿರುವಿನಲ್ಲಿ ತೆಗೆದುಕೊಂಡು ಬಾ ಸ್ಟ್ಯಾನಿ" ಎಂದಿದ್ದರು. ಅಮ್ಮನಿಗೆ ಆಗಲೇ ಅರವತ್ತು ದಾಟಿತ್ತು.

ರಿಪೇರಿ ಮಾತ್ರ ಆಗಿದ್ದರೆ ಎರಡು ವರ್ಷದಲ್ಲಿ ಮುಗಿಯುತ್ತಿತ್ತೋ ಏನೋ. ಸ್ಟ್ಯಾನಿಸ್ಲಾಸರಿಗೆ ರಿಪೇರಿ ಸಾಲಲಿಲ್ಲ. ಕಾರು ಮೊದಲಿಗಿಂತ ಬಲಶಾಲಿಯಾಗಿ, ಡಾಕ್ಟರರು ಬಯಸಿಯೂ ಕಾಣದಿದ್ದ ವೇಗದಲ್ಲಿ ಆ ಅಂಗಳಕ್ಕೆ ಹೋಗಬೇಕು. ಉಡುಪಿಯ ಲೇತಿನಲ್ಲಿ ಎಂಜಿನಿನ ಮುಚ್ಚಳವಾದ ಹೆಡ್ಡನ್ನು, ಒಳಗಿನ ಒತ್ತಡ ಹೆಚ್ಚಲೆಂದು, ಕೂದಲೆಳೆಯಷ್ಟು ಕೂದಲೆಳೆಯಷ್ಟು ತೇಯಿಸಿದರು. ಮುಂದಿನ ಚಕ್ರಗಳಿಗೆ ಬೇರೊಂದು ಕಾರಿನ ಡಿಸ್ಕ್ ಬ್ರೇಕು ಕೂಡಿಸಿದರು. ಕಡಲ ಗಾಳಿಗೆ ತುಕ್ಕು ಹಿಡಿಯದಿರಲೆಂದು, ದೋಣಿಗೆ ಬಳಿಯುವ ಹಾಗೆ, ಅಡಿಭಾಗಕ್ಕೆಲ್ಲ ಬೂತಾಯಿ ಮೀನಿನ ಎಣ್ಣೆ ಬಳಿದರು. ಇದರಿಂದ ಉದ್ಯಾವರದ ಬೆಕ್ಕುಗಳಿಗೆಲ್ಲ ಆ ಕಾರಿನ ಅಡಿ ಒಂದು ಪುಣ್ಯಕ್ಷೇತ್ರವಾಯಿತು. ಎಂಜಿನು ಗಂಡನದ್ದು, ಬೆಕ್ಕು ತನ್ನದು ಎಂದು ಹಂಚಿಕೊಂಡಿದ್ದೇವೆ ಎನ್ನುತ್ತಿದ್ದರು ಬಾಯಮ್ಮ.

ಎಂಜಿನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಉಣಿಸುವ ಕಾರ್ಬೊರೇಟರುಗಳು, ಹಳೆಯವಕ್ಕಿಂತ ದೊಡ್ಡವು, ಬಂದದ್ದು ಕುವೈತಿನಿಂದ. ಕಾಪುವಿನ ಜಮಾಲ್ ಅಲ್ಲಿ ಒಂದು ವರ್ಕ್‌ಶಾಪಿನಲ್ಲಿದ್ದ. ಹೋಗುವ ಮೊದಲು ಇದೇ ಶೆಡ್ಡಿನಲ್ಲಿ ಸ್ಪ್ಯಾನರು ಹಿಡಿದು ಕಲಿತವನು. ಉಳಿದವರು ರಜೆಯಲ್ಲಿ ಬರುವಾಗ ಸೆಂಟು, ಸೀರೆ, ಟೇಪ್ ರೆಕಾರ್ಡರು ತಂದರೆ ಜಮಾಲ್ ಹಳೆಯ ಕಾರುಗಳಿಂದ ಬಿಚ್ಚಿದ ಸಾಮಾನನ್ನು ಲುಂಗಿಯಲ್ಲಿ ಸುತ್ತಿ ತರುತ್ತಿದ್ದ. ಅವನ ಹೆಂಡತಿ ಜುಬೈದಾ ಅದಕ್ಕಾಗಿ ವಾರಗಟ್ಟಲೆ ಮುನಿಸಿಕೊಳ್ಳುತ್ತಿದ್ದಳೆಂದು ಅವನೇ ನಗುತ್ತ ಹೇಳುತ್ತಿದ್ದ. ಆ ವರ್ಷ ಬಂದವನು ಶೆಡ್ಡಿನ ಬೆಂಚಿನ ಮೇಲೆ ಗಂಟು ಬಿಚ್ಚಿ, ತುಳುವರು ಕ್ರೈಸ್ತರನ್ನು ಕರೆಯುವಂತೆ ಕರೆದು ವರದಿ ಒಪ್ಪಿಸಿದ: "ಪೊರ್ಬುಲೇ, ಕಸ್ಟಮ್ಸಿನವ ಇದು ಎಂತ ಅಂತ ಕೇಳಿದ. ಸೀಮೆಎಣ್ಣೆ ಸ್ಟವ್ ಅಂದೆ. ಎರಡು ಯಾಕೆ ಅಂದ. ಎರಡು ಹೆಂಡತಿ ಮಾರಾಯ್ರೆ, ಒಂದೇ ಒಲೆಯಲ್ಲಿ ಆಗುವುದಿಲ್ಲ ಅಂದೆ. ಪಾಪ, ಬೇಜಾರು ಮಾಡಿಕೊಂಡು ಬಿಟ್ಟುಬಿಟ್ಟ." ಸ್ಟ್ಯಾನಿಸ್ಲಾಸ್ ಅಷ್ಟು ನಕ್ಕದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ.

ಎರಡು ಕಾರ್ಬೊರೇಟರುಗಳಿದ್ದರೆ ಎರಡೂ ಸಮವಾಗಿ ಗಾಳಿ ಎಳೆಯಬೇಕು. ಅದನ್ನು ನೋಡುವ ಯಂತ್ರ ಅವರಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ರಬ್ಬರು ನಳಿಕೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೂ ಹಿಡಿದು, ಒಳಹೋಗುವ ಗಾಳಿಯ ಸುಂಯ್‌ಗುಟ್ಟುವಿಕೆಯನ್ನು ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ಆಲಿಸುತ್ತ, ತಿರುಪನ್ನು ಎಳ್ಳಿನಷ್ಟು ತಿರುಗಿಸುತ್ತಿದ್ದರು. ಎಂಬತ್ತರ ಮಳೆಗಾಲದಲ್ಲಿ ಒಂದು ದಿನ ಅವರು ನಳಿಕೆಯನ್ನು ಊದಿ ನೋಡಿದರು, ನೀರಿನಲ್ಲಿ ತೊಳೆದರು, ತುದಿ ಕತ್ತರಿಸಿದರು. ಮರುದಿನ ಹೊಸ ನಳಿಕೆ ತಂದರು. ಮೂರನೆಯ ನಳಿಕೆ ತಂದ ದಿನ ಬಾಯಮ್ಮ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, ಇವರನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು.

ಮಣಿಪಾಲದ ಡಾಕ್ಟರು ತಾಳ್ಮೆಯಿಂದ ಪರೀಕ್ಷೆ ಮಾಡಿದರು. ಮೂವತ್ತು ವರ್ಷ ತಗಡು ಬಡಿದು, ಎಂಜಿನಿನ ಪಕ್ಕ ನಿಂತು ಕಿವಿಯ ನರ ಸವೆದಿದೆ; ಸಣ್ಣ ಶಬ್ದಗಳು ಮೊದಲು ಹೋಗಿವೆ, ದಪ್ಪ ಶಬ್ದಗಳು ಮೆಲ್ಲಗೆ ಹೋಗುತ್ತವೆ; ಸವೆದದ್ದು ತಿರುಗಿ ಬರುವುದಿಲ್ಲ. ಸ್ಟ್ಯಾನಿಸ್ಲಾಸ್ ಕಣ್ಣು ಮುಚ್ಚಿಕೊಂಡು ಇದನ್ನೆಲ್ಲ ಕೇಳಿದರು. ಆಮೇಲೆ, ಬೇರಿಂಗು ಸವೆದರೆ ಬೇರೆ ಬೇರಿಂಗು ಹಾಕಬಹುದಲ್ಲ ಎಂದು ಮಾತ್ರ ಹೇಳಿದರು. ಕಿಸೆಯಲ್ಲಿಡುವ ಪೆಟ್ಟಿಗೆಯೂ ವಯರೂ ಇದ್ದ ಕಿವಿಯ ಯಂತ್ರವೊಂದನ್ನು ಕೊಂಡೆವು. ಅದನ್ನು ಹಾಕಿದರೆ ಕಾಗೆಯೂ ಕಾರ್ಬೊರೇಟರೂ ಒಂದೇ ಆಗುತ್ತದೆ ಎಂದು ಎರಡನೆಯ ದಿನವೇ ತೆಗೆದಿಟ್ಟರು. ಬಾಯಮ್ಮ ಹೊರಗೆ ತಮಾಷೆ ಬಿಡಲಿಲ್ಲ: "ನನ್ನ ಮಾತು ಕೇಳದೆ ಇಪ್ಪತ್ತೈದು ವರ್ಷ ಆಯಿತು. ಡಾಕ್ಟರಿಗೆ ಈಗ ಗೊತ್ತಾದದ್ದು." ಆದರೆ ಅಂದಿನಿಂದ ಅವರು ಗಂಡನ ಎದುರು ನಿಂತೇ ಮಾತನಾಡತೊಡಗಿದರು, ಬೆನ್ನ ಹಿಂದಿನಿಂದ ಕರೆಯುವುದನ್ನು ಬಿಟ್ಟರು.

ಹೀಗೆ ನಳಿಕೆ ನನ್ನ ಕಿವಿಗೆ ಬಂತು. ಭಾನುವಾರ ಮಧ್ಯಾಹ್ನ ನಾನು ಆಲಿಸುವುದು, ಬೆರಳಿನಿಂದ ಹೆಚ್ಚು ಕಡಿಮೆ ತೋರಿಸುವುದು, ಅವರು ತಿರುಪು ತಿರುಗಿಸುವುದು. ಮೊದಲ ದಿನ ಬೇಗ ಮುಗಿಸುವ ಆತುರದಲ್ಲಿ ಎರಡೂ ಸಮವಾಗಿದೆ ಎಂದುಬಿಟ್ಟೆ. ಅವರು ಎಂಜಿನಿನ ಮೇಲೆ ಅಂಗೈಯಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಊರಿ ಹಿಡಿಯನ್ನು ಹಲ್ಲಿನಿಂದ ಕಚ್ಚಿ, ಅದರ ನಡುಕವನ್ನು ಪರೀಕ್ಷಿಸಿ, ಅಲ್ಲವೆಂದು ತಲೆಯಾಡಿಸಿದರು.

"ಗೊತ್ತಾಗದಿದ್ದರೆ ಗೊತ್ತಾಗುವುದಿಲ್ಲ ಅನ್ನಿ ಮಾಷ್ಟ್ರೆ. ನನಗೆ ನಿಮ್ಮ ಕಿವಿ ಬೇಕು, ದಾಕ್ಷಿಣ್ಯ ಬೇಡ."

ಆಮೇಲೆ ಎರಡು ವರ್ಷ ನಾನು ನಿಷ್ಠೆಯಿಂದಲೇ ಆಲಿಸಿದೆ. ಈ ನಡುವೆ ಅವರ ದಪ್ಪ ಶಬ್ದಗಳೂ ಒಂದೊಂದಾಗಿ ಹೋದವು. ಅವರು ಹಳೆಯ ಸೈಲೆನ್ಸರು ಬಿಚ್ಚಿ ಅಗಲದ ಕೊಳವೆ ಜೋಡಿಸಿದರು, ಕಾರು ಗುಡುಗತೊಡಗಿತು. ನನಗೆ ಅದು ಶಕ್ತಿಯ ಶಬ್ದವಾಗಿ ಕೇಳಿಸಿತು. ಹಳೆಯ ಶಬ್ದವನ್ನು ನಾನು ಯಾವತ್ತೂ ಕೇಳಿದವನಲ್ಲ. ಕೇಳಿದ್ದವರು ಬಾಯಮ್ಮ. ಒಂದು ದಿನ ಅವರು ತಮಾಷೆಯಿಲ್ಲದ ಸ್ವರದಲ್ಲಿ, ಆ ಡಾಕ್ಟರರು ನಮ್ಮ ಅಂಗಳಕ್ಕೆ ಬರುವಾಗ ಗಾಡಿ ಹೀಗೆ ಕೂಗುತ್ತಿರಲಿಲ್ಲ, ಗುನುಗುತ್ತಿತ್ತು ಎಂದರು. ತಾನು ಹೇಳಿದರೆ ನಂಬುವುದಿಲ್ಲ, ನೀವೇ ಹೇಳಿ ಎಂದರು. ನಾನು ಹೇಳೋಣವೆಂದು ಶೆಡ್ಡಿಗೆ ಹೋದೆ. ಸ್ಟ್ಯಾನಿಸ್ಲಾಸ್ ಬಾನೆಟ್ಟಿನ ಮೇಲೆ ಎರಡೂ ಅಂಗೈಯಿಟ್ಟು, ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿದವರಂತೆ ನಿಂತಿದ್ದರು. ಅವರ ಮುಖ ನೋಡಿ ನಾನು ಹಿಂದಿರುಗಿದೆ.

ಎಂಬತ್ತಮೂರರ ಜನವರಿಯ ಒಂದು ಭಾನುವಾರ, ಪೂಜೆ ಮುಗಿಸಿ ಬಂದವರು ಕೋಟು ಕಳಚದೆ ಕಾರನ್ನು ಹೊರಗೆ ತೆಗೆದರು. ಬಾಯಮ್ಮ ಶಂಕರಪುರದ ಮಲ್ಲಿಗೆಯ ಒಂದು ಚೆಂಡನ್ನು ಕನ್ನಡಿಗೆ ಸುತ್ತಿದರು. ಮೀನೆಣ್ಣೆಯ ವಾಸನೆಯನ್ನು ಅದು ಗೆಲ್ಲಲಿಲ್ಲ. ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ: ಆ ದಾರಿಯನ್ನು ನಾನು ಎಷ್ಟೋ ಸಲ ಬಸ್ಸಿನಲ್ಲಿ ನಿಂತುಕೊಂಡು ಹೋದವನು. ಅಂದು ಅದು ಬೇರೆ ದಾರಿಯಾಗಿತ್ತು. ಏರಿನಲ್ಲಿ ಕಾರು ಏದುಸಿರು ಬಿಡಲಿಲ್ಲ, ತಿರುವಿನಲ್ಲಿ ಜಾರಲಿಲ್ಲ. ಗೇರು ಯಾವಾಗ ಬದಲಿಸಬೇಕೆಂಬುದನ್ನು ಸ್ಟ್ಯಾನಿಸ್ಲಾಸ್ ಪಾದಕ್ಕೆ ತಾಗುವ ಎಂಜಿನಿನ ನಡುಕದಿಂದ ತಿಳಿಯುತ್ತಿದ್ದರು. ಡಾಕ್ಟರರಿಗೆ ಇದು ಸಿಗಬೇಕಿತ್ತು ಎಂದು ಒಮ್ಮೆ ಹೇಳಿದರು.

ಕುಕ್ಕುಂದೂರಿನ ತಿರುವಿನಲ್ಲಿ ಅವರು ವೇಗ ತಗ್ಗಿಸಿ, ಎಕ್ಸಿಲರೇಟರನ್ನು ಎರಡು ಸಲ ತುಳಿದರು. ಡಾಕ್ಟರರು ಹಾಗೆ ಮಾಡುತ್ತಿದ್ದರಂತೆ. ಅಂಗಳಕ್ಕೆ ಬಂದು ನಿಂತಾಗ ರತ್ನಾವತಿ ಅಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದರು. ನಾವು ಬರುತ್ತೇವೆಂದು ಅವರಿಗೆ ಕಾಗದ ಬರೆದಿದ್ದೆ. ಆದರೂ ಅವರ ಕಣ್ಣು ನಮ್ಮ ಮೇಲಿರಲಿಲ್ಲ. ನಮ್ಮನ್ನು ದಾಟಿ, ಕೆಳಗಿನ ರಸ್ತೆಯಲ್ಲಿ ಇನ್ನೂ ಯಾರನ್ನೋ ಕಾಯುತ್ತಿತ್ತು. ಆಮೇಲೆ ಕಾರನ್ನು ಕಂಡರು, ಮೆಟ್ಟಿಲಿಳಿದು ಬಂದು ಬಾಗಿಲನ್ನು ಸವರಿದರು.

"ಬೇರೆ ಯಾವುದೋ ಗಾಡಿ ಬಂತು ಅಂದುಕೊಂಡೆ ಸ್ಟ್ಯಾನಿ," ಎಂದರು, ಆಕ್ಷೇಪವಿಲ್ಲದೆ. "ಇದು ಅವರ ಗಾಡಿಯ ಶಬ್ದ ಅಲ್ಲ."

ಸ್ಟ್ಯಾನಿಸ್ಲಾಸ್ ನನ್ನ ಕಡೆ ತಿರುಗಿದರು. "ಎಂತ ಹೇಳಿದರು ಅಮ್ಮ?"

"ಅದೇ ಶಬ್ದ ಅಂದರು," ಎಂದೆ, ಅವರ ಎದುರು ಮುಖ ಮಾಡಿ, ಬಿಡಿಸಿ ಬಿಡಿಸಿ.

ಅವರು ಹೌದೆಂಬಂತೆ ತಲೆಯಾಡಿಸಿದರು. ಅಮ್ಮ ಒಳಗೆ ಹೋಗಿ ಆಗ ಒಲೆ ಹಚ್ಚಿದರು. ನೀರು ಕಾಯುವವರೆಗೆ ನಾವು ಜಗಲಿಯಲ್ಲಿ ಕುಳಿತೆವು, ಕಾಫಿ ಕುಡಿದೆವು. ಹಿಂದಿರುಗುವಾಗ ಪರ್ಕಳದ ಇಳಿಜಾರಿನಲ್ಲಿ ಸ್ಟ್ಯಾನಿಸ್ಲಾಸ್ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನು ಆರಿಸಿ, ಎದುರಿನ ಗಾಜನ್ನು ನೋಡುತ್ತ ಹೇಳಿದರು: "ದಾಕ್ಷಿಣ್ಯ ಬೇಡ ಅಂದಿದ್ದೆ, ಅಲ್ವಾ ಮಾಷ್ಟ್ರೆ." ಆಗ ನನಗೆ ಹೊಳೆಯಿತು: ಆ ಅಂಗಳದಲ್ಲಿ ಅವರು ಮುಖ ತಿರುಗಿಸಿರಲಿಲ್ಲ, ಕಣ್ಣು ಮುಚ್ಚಿರಲಿಲ್ಲ. ಅಮ್ಮನ ತುಟಿಗಳನ್ನೇ ನೋಡುತ್ತಿದ್ದರು.

ಅಂದು ಶೆಡ್ಡಿನ ಮೂಲೆಗೆ ಹೋದ ಕಾರು ಮತ್ತೆ ಹೊರಗೆ ಬರಲಿಲ್ಲ. ಮೀನೆಣ್ಣೆ ಬಳಿಯುವುದು ನಿಂತಿತು. ಬೆಕ್ಕುಗಳು ಕೆಲವು ತಿಂಗಳು ಬಂದು ಹುಡುಕಿ, ಬರುವುದನ್ನು ಬಿಟ್ಟವು. ಎರಡು ಮಳೆಗಾಲದೊಳಗೆ ಬಾಗಿಲುಗಳ ಅಂಚಿನಲ್ಲಿ ತುಕ್ಕು ಅರಳಿತು. ಎಂಬತ್ತನಾಲ್ಕರ ಆಟಿ ತಿಂಗಳ ಮಳೆಯಲ್ಲಿ ರತ್ನಾವತಿ ಅಮ್ಮ ತೀರಿಕೊಂಡರು. ಮುಂದಿನ ವರ್ಷ ರಜೆಯಲ್ಲಿ ಬಂದ ಜಮಾಲ್, ಲುಂಗಿಯಲ್ಲಿ ಸುತ್ತಿ ತಂದಿದ್ದ ಒಂದು ಜೊತೆ ಹಾರ್ನುಗಳನ್ನು ಬೆಂಚಿನ ಮೇಲಿಟ್ಟು, ಟಾರ್ಪಾಲಿನ ಅಂಚು ಎತ್ತಿ ನೋಡಿ, ಹೊರಟುಹೋದ.

ಹಳೆಯ ಕಾರ್ಬೊರೇಟರುಗಳೂ ಸೈಲೆನ್ಸರೂ ಮಂಚದ ಅಡಿಯ ಪೆಟ್ಟಿಗೆಯಲ್ಲಿ ಎಣ್ಣೆ ಸವರಿಕೊಂಡು ಇನ್ನೂ ಇದ್ದವು. ಅವುಗಳನ್ನೇ ತಿರುಗಿ ಹಾಕೋಣವೇ ಎಂದು ನಾನು ಒಂದು ದಿನ ಚೀಟಿಯಲ್ಲಿ ಬರೆದು ತೋರಿಸಿದೆ; ಆ ಹೊತ್ತಿಗೆ ಅವರೊಡನೆ ಬರವಣಿಗೆಯಲ್ಲೇ ಮಾತು. ಅವರು ಎರಡು ಸಲ ಓದಿದರು.

"ಹಾಕಬಹುದು. ಒಂದು ವಾರದ ಕೆಲಸ ಉಂಟು." ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಸರಿಯಾಯಿತು ಅಂತ ಹೇಳುವವರು ಯಾರು?"

ನಾನು ಎಂಬತ್ತೇಳರಲ್ಲಿ ವರ್ಗವಾಗಿ ಕಾಪುವಿಗೆ ಬಂದೆ. ಕೈಕೆಲಸದ ಇಂಥ ದೊಡ್ಡವರು ಆಮೇಲೆಯೂ ಒಂದಿಬ್ಬರು ನನಗೆ ಸಿಕ್ಕಿದ್ದಾರೆ: ಕಣ್ಣು ಮಂಜಾದ ಒಬ್ಬ ಅಕ್ಕಸಾಲಿಗರು, ನಾಲಗೆಗೆ ಉಪ್ಪು ತಿಳಿಯದಾದ ಒಬ್ಬ ಅಡುಗೆಯವರು. ಇವರ ವಿದ್ಯೆಯೆಲ್ಲ ಒಂದೇ ಇಂದ್ರಿಯದಲ್ಲಿ ಮನೆಮಾಡಿಕೊಂಡಿರುತ್ತದೆ, ಆ ಇಂದ್ರಿಯ ಸವೆದ ಕಾಲಕ್ಕೆ ಅವರು ನಾಚಿಕೆ ಬಿಟ್ಟು ಪಕ್ಕದವರ ಕಣ್ಣನ್ನೋ ಕಿವಿಯನ್ನೋ ಬೇಡುತ್ತಾರೆ. ನಾವು ಸಜ್ಜನರು, ಅದರ ಬದಲು ಸಮಾಧಾನವನ್ನು ಕೊಡುತ್ತೇವೆ. ಅವರು ಅದನ್ನು ಗುರುತಿಸುತ್ತಾರೆ, ಬೇಡುವುದನ್ನು ನಿಲ್ಲಿಸುತ್ತಾರೆ, ಶೆಡ್ಡಿನ ಮೂಲೆಯ ಟಾರ್ಪಾಲನ್ನು ಮತ್ತೆ ಎತ್ತುವುದಿಲ್ಲ. ನಾವು ಅದಕ್ಕೆ ಮುದಿತನವೆಂದು ಹೆಸರಿಡುತ್ತೇವೆ.