ಖಾತೆಯಲ್ಲಿದ್ದ ಹೆಸರು

ಏಪ್ರಿಲ್ ಬಂತೆಂದರೆ ನಂಜನಗೂಡಿನ ಜನಕ್ಕೆ ಮನೆ ಕಂದಾಯದ ತಲೆನೋವು. ಮಂಗಳಮ್ಮನಿಗೆ ಮಾತ್ರ ಅದೊಂದು ಹಬ್ಬ. ನರ್ಸಿಂಗ್ ಹೋಮಿನ ಆಯಾ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಪುರಸಭೆಗೆ ಹೋಗುತ್ತಿದ್ದಳು. ಹಳೆಯ ರಸೀದಿಯನ್ನು ಕಿಟಕಿಯೊಳಗೆ ತಳ್ಳಿದರೆ ಗುಮಾಸ್ತರು “ಮಂಟೇಸ್ವಾಮಿ” ಎಂದು ಗಟ್ಟಿಯಾಗಿ ಓದುತ್ತಿದ್ದರು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. ಬೀದಿಯವರು ಅವಳೆದುರು ಆ ಹೆಸರೆತ್ತುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಗಾರೆ ಮೇಸ್ತ್ರಿ ಮಂಟೇಸ್ವಾಮಿ ಆ ನಾಲ್ಕು ಚದರದ ಮನೆಯನ್ನು ತಾನೇ ಕಟ್ಟಿದ. ಮರುವರ್ಷ ತಿ. ನರಸೀಪುರದ ಕಡೆ ಕೆಲಸಕ್ಕೆ ಹೋದವನು ಪಕ್ಕದ ಸೋಸಲೆಯ ಸಾಕಮ್ಮನ ಜೊತೆ ಆ ಊರಲ್ಲೇ ಸಂಸಾರ ಹೂಡಿದ. ಮನೆಯನ್ನು ನಿನ್ನ ಹೆಸರಿಗೆ ಮಾಡಿಸಿಕೋ ಎಂದು ಮಂಗಳಮ್ಮನಿಗೆ ಹೇಳದವರಿಲ್ಲ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆ ಅವನ ಹೆಸರಿನಲ್ಲಿರುವ ತನಕ ಅವನು ಒಂದಲ್ಲ ಒಂದು ದಿನ ಬರಲೇಬೇಕು, ತಾನು ಕಟ್ಟಿದ್ದನ್ನು ಯಾರು ಬಿಟ್ಟುಕೊಡುತ್ತಾರೆ ಎಂಬುದು ಅವಳ ನಂಬಿಕೆ. ಹುಚ್ಚು ನಂಬಿಕೆಯೇ. ಆದರೆ ಹನ್ನೊಂದು ವರ್ಷ ಒಬ್ಬಳೇ ಉಂಡು ಒಬ್ಬಳೇ ಮಲಗಿದವಳಿಗೆ ಬುದ್ಧಿ ಹೇಳಲು ನಾವು ಯಾರು?

ಆ ವರ್ಷ ಕಾನೂನು ಬದಲಾಯಿತು. ಇಷ್ಟು ದಿನ ಪುರಸಭೆಯವರು ಹಾಕುತ್ತಿದ್ದ ತೆರಿಗೆಯನ್ನು ಇನ್ನು ಮೇಲೆ ಮನೆಯವರೇ ಅಳತೆ ಮಾಡಿ, ಫಾರಂ ತುಂಬಿ, ತಮಗೆ ತಾವೇ ಹಾಕಿಕೊಳ್ಳಬೇಕಂತೆ. ಕಿಟಕಿಯಲ್ಲಿ ಕೂತಿದ್ದ ಹೊಸ ಗುಮಾಸ್ತೆ ಚಂಪಕ ಫಾರಮ್ಮನ್ನು ತುಂಬಿಯೂ ಕೊಟ್ಟಳು. ಆಮೇಲೆ ಕೆಳಗೆ ಬೆರಳಿಟ್ಟು ತೋರಿಸಿದಳು.

“ಇಲ್ಲಿ ಖಾತೆದಾರರೇ ಸಹಿ ಹಾಕ್ಬೇಕು ಕಣಮ್ಮ.”

“ಕಂದಾಯ ಕಟ್ತಾ ಇರೋಳು ನಾನೇ ಅಲ್ವಾ ತಾಯಿ?”

“ಕಂದಾಯ ಕಟ್ಟಿದ ಮಾತ್ರಕ್ಕೆ ಮನೆ ನಿಮ್ಮದಾಗಲ್ಲಮ್ಮ. ಯಜಮಾನರು ದಾನಪತ್ರ ರಿಜಿಸ್ಟರ್ ಮಾಡಿಸಿಕೊಟ್ರೆ ಖಾತೆ ನಿಮ್ಮ ಹೆಸರಿಗೆ ಆಗುತ್ತೆ. ಕೇಳಿ ನೋಡಿ.”

ಮಂಗಳಮ್ಮ ಫಾರಮ್ಮನ್ನು ಜೋಪಾನವಾಗಿ ಚೀಲದೊಳಗೆ ಇಟ್ಟುಕೊಂಡಳು. ಗಂಡನ ಹತ್ತಿರ ಹೋಗಲು ಒಂದು ನೆಪ ಸಿಕ್ಕಿತ್ತು.

ಭಾನುವಾರ ನರಸೀಪುರದ ಬಸ್ಸಿನಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡಳು. ಮೊದಲು ಸಹಿ ಕೇಳುವುದು. ಆಮೇಲೆ ದಾನಪತ್ರದ ಮಾತೆತ್ತುವುದು. ಅವನು ರೇಗುತ್ತಾನೆ. “ನಾ ಕಟ್ಟಿದ್ ಮನೆ, ನಿಂಗ್ಯಾಕ್ ಬರ್ಕೊಡ್ಲಿ?” ಅನ್ನುತ್ತಾನೆ. ಆಗ ತಾನು “ಅಂಗಾದ್ರೆ ಬಂದು ಇರಿ” ಅನ್ನುವುದು. ಅವಳಿಗೆ ಬೇಕಿದ್ದದ್ದು ಅಷ್ಟೇ. ಅವನು ಒಂದು ಸಲ ಅದನ್ನು ನನ್ನ ಮನೆ ಅನ್ನಬೇಕಿತ್ತು.

ಸೋಸಲೆಯಲ್ಲಿ ಸಾಕಮ್ಮ “ಬಾ ಅಕ್ಕ” ಎಂದು ಚಾಪೆ ಹಾಸಿ ನೀರು ಕೊಟ್ಟಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಮಂಟೇಸ್ವಾಮಿಯ ಕೂದಲು ನೆರೆತಿತ್ತು. ಅವನು ಮಗಳ ಸ್ಕೂಲ್ ಬ್ಯಾಗಿನಿಂದ ಪೆನ್ನು ತೆಗೆದು, ಫಾರಮ್ಮನ್ನು ಗೋಡೆಗೆ ಒತ್ತಿ ಹಿಡಿದು, ಓದದೆ ಸಹಿ ಮಾಡಿದ.

“ಇನ್ನೇನಾರ ಐತಾ?”

“ಅದೇ... ದಾನಪತ್ರ ಅಂತಾರಲ್ಲ. ಮನೇನ ನನ್ ಎಸ್ರಿಗೆ...”

ಅವಳ ಮಾತು ಮುಗಿಯುವಷ್ಟರಲ್ಲಿ ಅವನ ಮುಖ ಹಗುರಾಯಿತು.

“ಅಷ್ಟೇಯಾ? ಏನೋ ಗಲಾಟೆ ಮಾಡಕ್ ಬಂದೆ ಅನ್ಕಂಡಿದ್ದೆ ಕಣಮ್ಮಿ. ನಾಳೆನೇ ಬತ್ತೀನಿ, ರಿಜಿಸ್ಟ್ರಾರ್ ಆಪೀಸ್ತಕೆ ಬಂದ್ಬುಡು. ನಂಗ್ಯಾಕೆ ಆ ಮನೆ?”

“ಸೂರು ಒಂದ್ ಕಡೆ ಸೋರ್ತದೆ” ಎಂದಳು ಮಂಗಳಮ್ಮ.

“ಯಾರ್ನಾರ ಮೇಸ್ತ್ರಿ ಕರ್ಸಿ ನೋಡ್ಸು.”

ಅವಳು ಫಾರಮ್ಮನ್ನು ಮಡಿಚಿಕೊಂಡು ಎದ್ದಳು. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ನಾಳೆಯಿಂದ ಮನೆ ಪೂರ್ತಿ ಅವಳದೇ, ಆದರೆ ಅಲ್ಲಿಗೆ ಹೋಗಲು ಅವಳಿಗೆ ಕಾಲೇ ಬರಲಿಲ್ಲ. ಆ ಬಸ್ಸು ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು.